ರೋಗಿ ಹೊರಡುವ ಮೊದಲು ಒಂದು ಫೋನ್ ಹೋಗಲಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಬೈಂದೂರು ಕಡೆಯವನು. ಹೊಸ ಆಸ್ಪತ್ರೆ ಕಟ್ಟಿಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಕರಾವಳಿಯಲ್ಲಿ ಆಸ್ಪತ್ರೆಗೆ ಬರವಿಲ್ಲ. ಮಂಗಳೂರಿನ ವೆನ್ಲಾಕ್ 1848ರಿಂದ ಇದೆ. ಮಣಿಪಾಲದಲ್ಲಿ 1953ರಲ್ಲೇ ಮೆಡಿಕಲ್ ಕಾಲೇಜು ಶುರುವಾಯಿತು. ಇಷ್ಟೆಲ್ಲ ಇದ್ದೂ ರಾತ್ರಿ ಹೊತ್ತು ಯಾವ ಬಾಗಿಲು ತಟ್ಟಬೇಕು ಅಂತ ಹೇಳುವವರಿಲ್ಲ. ನನ್ನ ತಕರಾರು ಅದೊಂದೇ.

ಕಳೆದ ಆಸಾಡಿಯ (ಆಷಾಢದ) ಒಂದು ರಾತ್ರಿ. ಎಂಟೂವರೆಗೆ ಊಟ ಮುಗಿಸಿ ಎದ್ದ ಅಪ್ಪಯ್ಯನ ಮಾತು ತೊದಲಿತು. ಬಲಗೈಯಲ್ಲಿ ಲೋಟ ನಿಲ್ಲಲಿಲ್ಲ. ಹೊರಗೆ ಜಡಿಮಳೆ. ಆಂಬ್ಯುಲೆನ್ಸ್ ಬೇಗನೇ ಬಂತು, ಅದರ ಬಗ್ಗೆ ದೂರಿಲ್ಲ. ಮೊದಲನೇ ಆಸ್ಪತ್ರೆಯಲ್ಲಿ ಬಿಪಿ ನೋಡಿ, ಡ್ರಿಪ್ ಹಾಕಿ, 'ಸ್ಟ್ರೋಕ್ ಇರಬಹುದು, ಇಲ್ಲಿ ಸಿಟಿ ಸ್ಕ್ಯಾನ್ ಇಲ್ಲ, ಮುಂದೆ ಕರ್ಕೊಂಡು ಹೋಗಿ' ಅಂದರು. ಮುಂದೆ ಅಂದರೆ ಎಲ್ಲಿಗೆ? ಚೀಟಿಯಲ್ಲಿ 'ಉನ್ನತ ಚಿಕಿತ್ಸೆಗೆ' ಅಂತ ಮಾತ್ರ ಇತ್ತು. ಎರಡನೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇತ್ತು, ಐಸಿಯು ಬೆಡ್ ಇರಲಿಲ್ಲ. ವಿಚಾರಿಸಿ, ಕಾದು, ಅಲ್ಲಿಂದ ಮತ್ತೆ ಹೊರಡುವಾಗ ಒಂದು ಗಂಟೆ ಹೊತ್ತು ಹೋಗಿತ್ತು. ಕೊನೆಗೆ ಮಂಗಳೂರು. ನಂತೂರು ಸರ್ಕಲ್ ಹತ್ತಿರ ವಾಚ್ ನೋಡಿದೆ, ರಾತ್ರಿ ಎರಡು ಗಂಟೆ.

ಹೆಪ್ಪುಗಟ್ಟಿದ ರಕ್ತದಿಂದ ಆಗುವ ಸ್ಟ್ರೋಕಿಗೆ, ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಲೇಬೇಕು, ಯಾಕೆಂದರೆ ಮೆದುಳಲ್ಲಿ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ನಮ್ಮ ನಾಲ್ಕೂವರೆ ಗಂಟೆ ಹೆದ್ದಾರಿ 66ರಲ್ಲೇ ಮುಗಿದಿತ್ತು. ಅಪ್ಪಯ್ಯ ಈಗ ಎಡಗೈಯಲ್ಲಿ ಉಣ್ಣುತ್ತಾರೆ.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಅಪ್ಪಯ್ಯನನ್ನು ಒಳಗೆ ಸೇರಿಸಿದ ಮೇಲೆ ಆಂಬ್ಯುಲೆನ್ಸ್ ಪೈಲಟ್, ಅಂದರೆ ಡ್ರೈವರ್ ಜೊತೆ ಚಾ ಕುಡಿಯುತ್ತಿದ್ದೆ. 'ನಾನು ತಿರುಗಿ ಊರು ಮುಟ್ಟುವಾಗ ಬೆಳಕಾಗ್ತದೆ ಮಾರಾಯ್ರೇ. ಅಷ್ಟರೊಳಗೆ ಅಲ್ಲಿ ಯಾರಿಗಾದ್ರೂ ಎಂತಾದ್ರೂ ಆದ್ರೆ ಬೇರೆ ಗಾಡಿ ದೂರದಿಂದ ಬರ್ಬೇಕು' ಅಂದರು. ಬೈಂದೂರಿನಿಂದ ಮಂಗಳೂರಿಗೆ ಒಂದು ಕಡೆಗೇ 120 ಕಿಲೋಮೀಟರಿಗೂ ಜಾಸ್ತಿ. ಅಂದರೆ ಆ ರಾತ್ರಿ ನಮ್ಮ ಮನೆಗಾಗಿ ಇಡೀ ಊರು ಗಾಡಿ ಇಲ್ಲದೆ ಮಲಗಿತ್ತು. 2008ರಲ್ಲಿ 108 ಆಂಬ್ಯುಲೆನ್ಸ್ ಬಂದಾಗಿನಿಂದ ನಾವು ಗಾಡಿ ಎಷ್ಟು ಬೇಗ ಬಂತು ಅಂತ ಮಾತ್ರ ಲೆಕ್ಕ ಹಾಕಿದ್ದೇವೆ. ಅದು ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಹೃದಯಾಘಾತದ ವಿಷಯದಲ್ಲಿ ನಿಮ್ಮ ಇಲಾಖೆಯೇ ದಾರಿ ತೋರಿಸಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಡಾಕ್ಟರು ನೋಡುತ್ತಾರೆ. ಅವರು ಹೇಳಿದರೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ರೋಗಿಗಿಂತ ಮೊದಲು ಸುದ್ದಿ ಹೋಗುತ್ತದೆ. ಬೇರೆ ತುರ್ತು ರೋಗಿಗಳಿಗೂ ಇದೇ ಕ್ರಮ ತನ್ನಿ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗೆ ಸೇರಿ ಒಂದು ಡೆಸ್ಕ್ ಇರಲಿ. ಎಲ್ಲಿ ಬೆಡ್ ಖಾಲಿ, ಎಲ್ಲಿ ಸ್ಕ್ಯಾನ್ ಮೆಷಿನ್ ಇವತ್ತು ಕೆಟ್ಟು ನಿಂತಿದೆ, ಅಷ್ಟು ಗೊತ್ತಿರುವ ನರ್ಸ್ ಒಬ್ಬರು ರಾತ್ರಿ ಹಗಲು ಫೋನಿನಲ್ಲಿ ಸಿಗಲಿ. ಸೇರಿಸಿಕೊಳ್ಳುವ ಆಸ್ಪತ್ರೆಯ ಹೆಸರಿಲ್ಲದೆ ಚೀಟಿ ಬರೆಯುವಂತಿಲ್ಲ ಅಂತ ಆದೇಶ ಮಾಡಿ. ಬೈಂದೂರಿನ ಗಾಡಿ ಮಂಗಳೂರಿಗೆ ಹೊರಟರೆ ಕುಂದಾಪುರದ ಒಂದು ಗಾಡಿ ನಡುವಿನ ಮರವಂತೆ ತನಕ ಬಂದು ನಿಲ್ಲಲಿ. ಅಥವಾ ಉಡುಪಿಯಲ್ಲೇ ಗಾಡಿ ಬದಲಾಗಲಿ. ಯಾವುದು ಸರಿ ಅಂತ ಪೈಲಟ್‌ಗಳನ್ನೇ ಕೇಳಿ, ಅವರಿಗೆ ಗೊತ್ತು.

ಒಂದೊಂದು ಜಿಲ್ಲೆಗೆ ಒಂದೊಂದು ಡೆಸ್ಕ್ ಸಾಕು ಅಂತ ಅಧಿಕಾರಿಗಳು ಹೇಳಬಹುದು. ಸಾಲದು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು, ಆದರೆ ಕಾಯಿಲೆಯವರು ಈಗಲೂ ಅದೇ ರಸ್ತೆಯಲ್ಲಿ ಮಂಗಳೂರಿಗೆ ಹೋಗುತ್ತಾರೆ. ಕೇರಳದ ಕಾಸರಗೋಡಿನವರೂ ಅಲ್ಲಿಗೇ ಬರುತ್ತಾರೆ. 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿ ಗಡಿ ಮುಚ್ಚಿದಾಗ ಅವರ ಪಾಡು ಏನಾಯಿತು ಅಂತ ಇಡೀ ದೇಶ ನೋಡಿದೆ.

ಈ ಡೆಸ್ಕಿಗೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ಒಂದು ಕೋಣೆ, ಪಾಳಿಯಲ್ಲಿ ಕೂರಲು ಕೆಲವು ನರ್ಸ್‌ಗಳು, ನಾಲ್ಕು ಫೋನ್ ಸಾಕು. ಮುಂದಿನ ಆಸಾಡಿಯ ಒಳಗೆ ಆದೀತಾ? ಆಗುವುದಿಲ್ಲ ಅಂತಾದರೆ ಯಾಕೆ ಅಂತಾದರೂ ತಿಳಿಸಿ.

ಇತಿ,
ಬೈಂದೂರು ಕಡೆಯ ಒಬ್ಬ ಕೃಷಿಕ