ಅಮ್ಮನಿಗೆ, ಇಂಗ್ಲೆಂಡಿನ ಲೀಡ್ಸ್‌ನಿಂದ

ಅಮ್ಮಾ,

ನಿನಗೂ ಅಪ್ಪನಿಗೂ ನಮಸ್ಕಾರ. ಇಲ್ಲಿ ನಾವಿಬ್ಬರೂ ಆರಾಮ. ಅಣ್ಣನ ಫೋನಿನಿಂದ ನೀನು ಕಳಿಸಿದ ಉದ್ದನೆ ಮೆಸೇಜ್ ಓದಿದೆ. ಫೋನ್ ಮಾಡಿದರೆ ನೀನು ಅಳ್ತೀಯ, ನಾನೂ ಶುರು ಮಾಡ್ತೀನಿ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದರು ಅಂತ ಯಾರು ಹೇಳಿದ್ದು? ನಮ್ಮ ಅತ್ತೆಯೇ ಇರಬೇಕು. ಸೇರಿಸಿರಲಿಲ್ಲ. ಹೋಗಿ ತೋರಿಸಿಕೊಂಡು ಬಂದೆವು, ಅಷ್ಟೇ.

ಹೋದ ಮಂಗಳವಾರ ಮಗು ಆಡಿದ್ದು ಕಮ್ಮಿ ಅನಿಸಿತು. ದಿನಾ ಊಟ ಮಾಡಿ ಎಡಮಗ್ಗುಲಿಗೆ ಮಲಗಿದರೆ ಸಾಕು, ಪಕ್ಕೆಲುಬಿಗೇ ಒದೆಯುತ್ತಿತ್ತು. ಅವತ್ತು ಒಂದೆರಡು ಸಲ ಹೊರಳಿ ಸುಮ್ಮನಾಯಿತು. 'ತುಂಬು ತಿಂಗಳಲ್ಲಿ ಜಾಗ ಸಾಲಲ್ಲ, ಅದಕ್ಕೇ ಆಡಲ್ಲ' ಅಂತ ನೀನು ಹೇಳಿದ್ದು ನೆನಪಿತ್ತು. ಸಂಜೆವರೆಗೂ ಹಾಗೇ ಕೂತೆ. ಕೊನೆಗೆ ಇವರೇ ಆಸ್ಪತ್ರೆಗೆ ಫೋನ್ ಮಾಡಿದರು. 'ಈಗಲೇ ಬನ್ನಿ' ಅಂದರು. ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ ಮಿಷನ್ ಹಚ್ಚಿದರು. ಮಗುವಿನ ಎದೆಬಡಿತ ಕುದುರೆ ಓಡಿದ ಹಾಗೆ ಸದ್ದು, ನಿಮಿಷಕ್ಕೆ 140! ಇವರು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ, ನೀನೂ ಹೇಳಬೇಡ. ಮಗು ಚೆನ್ನಾಗಿದೆ. ಖಂಡಿತ ಚೆನ್ನಾಗಿದೆ. ಈಗ ಇದನ್ನು ಬರೆಯುವಾಗಲೂ ಒದೆಯುತ್ತಿದೆ.

ಬೇಜಾರು ಮಾಡ್ಕೋಬೇಡ, ಆದರೆ ಆ ಜಾಗದ ಮಾತು ತಪ್ಪಂತೆ. ಒದೆಯುವ ರೀತಿ ಬದಲಾಗಬಹುದು, ಕಮ್ಮಿ ಮಾತ್ರ ಆಗಬಾರದು. ನೋವು ಶುರುವಾದ ಮೇಲೂ ಆಡ್ತಾನೇ ಇರಬೇಕು. ಕಮ್ಮಿ ಅನಿಸಿದರೆ ಬೆಳಗಾಗಲಿ ಅಂತ ಕಾಯಬಾರದು. ಅತ್ತಿಗೆಗೆ ಏಳು ತುಂಬಿತಲ್ಲ, ಅಲ್ಲಿ ಆ ಮಾತು ಆಡಬೇಡ ಅಮ್ಮಾ. ಜೋರು ತಲೆನೋವು, ಕಣ್ಣು ಮಂಜು, ಇದ್ದಕ್ಕಿದ್ದಂತೆ ಮುಖ ಊದುವುದು, ಅಂಗೈ ಅಂಗಾಲು ನವೆ, ಇವಕ್ಕೂ ಕಷಾಯ ಕುಡಿಸಿ ಕೂರಬೇಡಿ. ಅಣ್ಣನಿಗೆ ಗಾಡಿ ತೆಗೆಯಲು ಹೇಳು.

'ಡಾಕ್ಟರೇ ನೋಡಲ್ವಾ' ಅಂತ ಕೇಳಿದ್ದೀಯ. ಎಲ್ಲ ಸರಿಯಿದ್ದರೆ ಇಲ್ಲಿ ನೋಡುವುದು ಮಿಡ್‌ವೈಫ್. ಓದಿ ಪಾಸಾದ ಸೂಲಗಿತ್ತಿ ಅಂದುಕೋ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಬೀದಿಗೆಲ್ಲ ಹೇಳಿಕೊಂಡು ಬಂದವಳು ನೀನೇ ಅಲ್ವಾ? ನಮ್ಮ ಮಿಡ್‌ವೈಫ್ ದರ್ಜಿ ಟೇಪ್ ಹಿಡಿದು ಹೊಟ್ಟೆ ಅಳೆಯುತ್ತಾಳೆ. ಬ್ಲೌಸ್ ಯಾವಾಗ ಕೊಡ್ತೀಯಾ ಅಂತ ಕೇಳೋಣ ಅನಿಸುತ್ತೆ. ಬಿಲ್ ಇಲ್ಲ, ವೀಸಾ ಜೊತೆಗೇ ದುಡ್ಡು ಕಟ್ಟಿಸಿಕೊಂಡಿದ್ದಾರೆ. ಹೆತ್ತ ಮೇಲೆ ಟೋಸ್ಟು, ಟೀ ಕೊಡ್ತಾರಂತೆ. ಅವತ್ತೇ ಸ್ನಾನವೂ ಅಂತೆ. ಅಜ್ಜಿಗೆ ಇದನ್ನು ಓದಿ ಹೇಳಬೇಡಿ.

ಈಗ 38 ವಾರ. ಹೊಟ್ಟೆ ಇಳಿದಿದೆ, ಉಸಿರಾಟ ಹಗುರ. ರಾತ್ರಿ ಐದು ಸಲ ಬಾತ್‌ರೂಮು. ಸುಳ್ಳು ನೋವು ಬಂದು ಬಂದು ಹೋಗುತ್ತೆ. ಐದು ನಿಮಿಷಕ್ಕೊಮ್ಮೆ ಬಂದರೆ, ಇಲ್ಲಾ ನೀರು ಹೋದರೆ ಫೋನ್ ಮಾಡಬೇಕು, ನಂಬರ್ ಫ್ರಿಜ್ಜಿಗೆ ಅಂಟಿಸಿದ್ದೇವೆ. ಕೊಟ್ಟ ತಾರೀಖಿಗೇ ಹುಟ್ಟೋದು ನೂರರಲ್ಲಿ ಐದು ಮಕ್ಕಳೂ ಇಲ್ಲವಂತೆ, ಆದ್ದರಿಂದ ನೀನು 14ಕ್ಕೆ ಬಂದರೂ ಲೇಟಲ್ಲ. ಮಗು ಬೇಗ ಬಂದರೂ ನಾವು ನೋಡ್ಕೋತೀವಿ. ಚಿಂತೆ ಬೇಡ, ಬೇಡ.

ತುಪ್ಪ ತರಬೇಡ, ಹಾಲಿನ ಪದಾರ್ಥ ಏರ್‌ಪೋರ್ಟ್‌ನಲ್ಲಿ ಬಿಡಲ್ಲ. ಅಂಟು, ಕೊಬ್ಬರಿ ತಾ, ಉಂಡೆ ಇಲ್ಲೇ ಬಂದು ಕಟ್ಟು. ಮಂಡಿಗೆ ಪಟ್ಟಿ ಹಾಕಿಕೊಂಡೇ ವಿಮಾನ ಹತ್ತು.

ಕುಕ್ಕರ್ ಮೂರು ಸೀಟಿ ಹಾಕಿತು, ಏಳಬೇಕು. ಏಳೋದೇ ಒಂದು ಕೆಲಸ.

ನಿನ್ನ ಮಗಳು