ಕಾರ್ ಚಾರ್ಜರ್: ಗೋಡೆ ಆರಿಸುವ ಮೊದಲು ನೆಲ ನೋಡಿ

ಮಾನ್ಯ ಸಂಪಾದಕರೇ,

ಹಸಿರು ನಂಬರ್ ಪ್ಲೇಟಿನ ಕಾರುಗಳು ಕಲಬುರಗಿಯ ಓಣಿಗಳಿಗೂ ಬಂದಿವೆ. ಆದರೆ ಮನೆಯಲ್ಲಿ ಚಾರ್ಜರ್ ಹಾಕಿಸುವ ಜಾಗವನ್ನು ಬಹಳ ಕಡೆ ಕೊನೆಯ ಗಳಿಗೆಯಲ್ಲಿ ಆರಿಸಲಾಗುತ್ತಿದೆ. ಕಾರು ಬರುವ ಎರಡು ದಿನ ಮೊದಲು ಅಳವಡಿಸುವವರು ಬರುತ್ತಾರೆ, ಗೇಟಿನ ಪಕ್ಕದ ಗೋಡೆ ತೋರಿಸಿ ‘ಇಲ್ಲೇ ಹಾಕೋಣವೇ’ ಎನ್ನುತ್ತಾರೆ, ಮನೆಯವರು ಹೂಂ ಅನ್ನುತ್ತಾರೆ. ನಮ್ಮ ಭಾಗದ ಬಿಸಿಲು, ಎರೆ ಮಣ್ಣು, ಶಹಾಬಾದ್ ಪರಸಿ ಇವುಗಳನ್ನು ಲೆಕ್ಕಕ್ಕೆ ಹಿಡಿಯದೆ ಆರಿಸಿದ ಗೋಡೆ ಮುಂದೆ ವರ್ಷಗಟ್ಟಲೆ ಕಾಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರಿಗೆ ಉಪಯೋಗವಾಗಲೆಂದು ಕೆಲವು ವಿವರಗಳನ್ನು ಬರೆಯುತ್ತಿದ್ದೇವೆ.

ಎಷ್ಟು ಕಿಲೋವ್ಯಾಟಿನ ಚಾರ್ಜರ್ ಬೇಕು ಎನ್ನುವುದು ಮೊದಲು ಇತ್ಯರ್ಥವಾಗಬೇಕು. ಸಣ್ಣ ಕಾರು ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಊರೊಳಗೆ ದಿನಕ್ಕೆ 40 ಕಿ.ಮೀ. ತಿರುಗುವವರಿಗೆ 6 ಯೂನಿಟ್ ಸಾಕು, 3.3 ಕಿಲೋವ್ಯಾಟ್ ಚಾರ್ಜರ್ ಅದನ್ನು ಎರಡು ಗಂಟೆಯಲ್ಲಿ ತುಂಬುತ್ತದೆ. ಬೀದರಿಗೆ ಹೋಗಿ ಬಂದರೂ ರಾತ್ರಿ ಎಂಟಕ್ಕೆ ಹಚ್ಚಿದರೆ ಬೆಳಗಿನ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ. 7.2 ಕಿಲೋವ್ಯಾಟ್ ಚಾರ್ಜರ್ ಎಂದರೆ 32 ಆಂಪಿಯರ್, ಅದೂ ಐದಾರು ಗಂಟೆ ಬಿಡುವಿಲ್ಲದೆ. ನಾಲ್ಕು ಎ.ಸಿ.ಗಳನ್ನು ಒಟ್ಟಿಗೆ ಓಡಿಸಿದಷ್ಟು ಭಾರ ಅದು. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಅದು 2 ಅಥವಾ 3 ಕಿಲೋವ್ಯಾಟ್ ಇದ್ದರೆ ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಲೋಡ್ ಏರಿಸಿಕೊಳ್ಳದೆ ಗೋಡೆಗೆ ಡ್ರಿಲ್ ಹಚ್ಚಬೇಡಿ. ಕಂಬದಿಂದ ಮನೆಗೆ ಬಂದ ಹಳೆಯ ಸರ್ವಿಸ್ ವೈರನ್ನೂ ಆಗಲೇ ಬದಲಿಸಿಕೊಳ್ಳಿ. ನಮ್ಮ ಅಭಿಪ್ರಾಯದಲ್ಲಿ ಒಂದೇ ಕಾರಿರುವ ಮನೆಗೆ 3.3 ಕಿಲೋವ್ಯಾಟ್ ಧಾರಾಳವಾಯಿತು.

ಈಗ ನೆಲದ ಮಾತು. ಜಾಗ ಆರಿಸುವಾಗ ಎಲ್ಲರೂ ಗೋಡೆ ನೋಡುತ್ತಾರೆ, ಅರ್ಥಿಂಗ್ ಗುಂಡಿ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಪೈಪಿನ ಗುಂಡಿ) ಎಲ್ಲಿ ತೋಡಬೇಕೆಂದು ಕೇಳುವವರು ಕಡಿಮೆ. ಕಾರಿನ ಚಾರ್ಜರ್ ಫ್ರಿಜ್‌ನಂತಲ್ಲ. ಅದು ಶುರುವಾಗುವ ಮೊದಲು ಅರ್ಥ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ, ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅಳವಡಿಸುವವರು ಸಾಮಾನ್ಯವಾಗಿ ಅರ್ಥ್ ರೋಧ 5 ಓಮ್ ಒಳಗಿರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಎರಡು ಮೂರು ವೋಲ್ಟ್ ದಾಟಬಾರದು ಎನ್ನುತ್ತಾರೆ.

ಕಲಬುರಗಿಯ ಎರೆ ಭೂಮಿ ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ. ಏಪ್ರಿಲ್ ಬಂತೆಂದರೆ ಅದೇ ಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ರೋಧ ಏರುತ್ತದೆ. ಸೆಪ್ಟೆಂಬರಿನಲ್ಲಿ ಚೆನ್ನಾಗಿ ನಡೆದ ಚಾರ್ಜರ್ ಮೇ ತಿಂಗಳಲ್ಲಿ ನಿಲ್ಲಲು ಬಹುಪಾಲು ಇದೇ ಕಾರಣ, ಚಾರ್ಜರ್ ಕೆಟ್ಟಿರುವುದಿಲ್ಲ. ಆದ್ದರಿಂದ ಅರ್ಥ್ ಅಳೆಯುವುದಾದರೆ ಬೇಸಿಗೆಯಲ್ಲಿ ಅಳೆಯಿರಿ. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ, ಬಚ್ಚಲ ನೀರೋ ಗಿಡಕ್ಕೆ ಹಾಕುವ ನೀರೋ ಹರಿಯುವ ಕಡೆ ಗುಂಡಿ ತೋಡಿಸಿ. ಎರಡೂವರೆಯಿಂದ ಮೂರು ಮೀಟರ್ ಆಳಕ್ಕೆ ಜಿ.ಐ. ಪೈಪ್ ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೋನೈಟ್ ಜೇಡಿ ಪುಡಿ ಕಲಸಿ ತುಂಬಿಸಿ. ಉಪ್ಪು ಇದ್ದಿಲಿನ ಹಳೆಯ ಪದ್ಧತಿಯೂ ನಡೆಯುತ್ತದೆ, ಆದರೆ ಉಪ್ಪು ಕಾಲಕ್ರಮದಲ್ಲಿ ಪೈಪನ್ನು ತಿನ್ನುತ್ತದೆ, ಮಳೆಗೆ ಕರಗಿ ಹೋಗುತ್ತದೆ. ಮೇಲೆ ಮುಚ್ಚಳವಿರುವ ಚೌಕಟ್ಟು ಕಟ್ಟಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಒಂದು ಗುಂಡಿಯಿಂದ ಸಾಲದಿದ್ದರೆ ಪೈಪಿನ ಉದ್ದದ ಎರಡರಷ್ಟು ದೂರದಲ್ಲಿ ಇನ್ನೊಂದನ್ನು ತೋಡಿ ಎರಡನ್ನೂ ಜೋಡಿಸಿ. ಹತ್ತಿರ ಹತ್ತಿರ ತೋಡಿದರೆ ಎರಡನೆಯದರ ಖರ್ಚು ದಂಡ.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಮೇಲೆ ನಿಲ್ಲದೆ ಕೆಳಗಿಳಿದು ಹೋಗುತ್ತದೆ, ಹಾಗಾಗಿ ಅಲ್ಲಿ ಇನ್ನಷ್ಟು ಆಳ ಬೇಕು, ಬೆಂಟೋನೈಟ್ ತಪ್ಪಿಸುವ ಹಾಗೇ ಇಲ್ಲ. ಯಾದಗಿರಿಯಲ್ಲಿ ಕೆಲವು ಕಡೆ ನಾಲ್ಕು ಅಡಿಗೇ ಬಂಡೆ ಸಿಗುತ್ತದೆ. ಪೈಪ್ ಇಳಿಯದಿದ್ದರೆ ಅದನ್ನು ಕತ್ತರಿಸಿ ಮೋಟು ಮಾಡಿ ಹೂಳುವುದು ಮೋಸ. ಅರ್ಧ ಮೀಟರಿಗಿಂತ ಆಳದ ಕಾಲುವೆಯಲ್ಲಿ 15 ಮೀಟರ್ ಉದ್ದಕ್ಕೆ ತಾಮ್ರದ ಅಥವಾ ಜಿ.ಐ. ಪಟ್ಟಿ ಹಾಸುವುದು ಅಲ್ಲಿ ಸರಿಯಾದ ದಾರಿ. ಕಾಂಪೌಂಡಿನ ಉದ್ದಕ್ಕೂ ಅದನ್ನು ಒಯ್ಯಬಹುದು.

ಇಲ್ಲಿ ಒಂದು ಅಪಾಯದ ಮಾತನ್ನು ಹೇಳಲೇಬೇಕು. ಕೆಂಪು ದೀಪ ಆರಲೆಂದು ಸಾಕೆಟ್ಟಿನೊಳಗೆ ಅರ್ಥ್ ಪಿನ್ನಿಗೂ ನ್ಯೂಟ್ರಲಿಗೂ ತುಂಡು ವೈರ್ ಜೋಡಿಸುವವರಿದ್ದಾರೆ. ಚಾರ್ಜರ್ ಮೋಸಹೋಗಿ ಶುರುವಾಗುತ್ತದೆ. ಮುಂದೆ ಎಂದಾದರೂ ಕಂಬದ ಮೇಲೆ ಅಥವಾ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಕವಚಕ್ಕೆ 230 ವೋಲ್ಟ್ ಬರುತ್ತದೆ. ಬರಿಗಾಲಲ್ಲಿ ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ಮುಟ್ಟುವ ಮಗುವಿನ ಗತಿ ಏನು? ದಯವಿಟ್ಟು ಯಾರೂ ಇದನ್ನು ಮಾಡಿಸಿಕೊಳ್ಳಬೇಡಿ, ಮಾಡಿಸಿದ್ದರೆ ಇಂದೇ ಬಿಚ್ಚಿಸಿ.

ಗುಂಡಿಯ ಜಾಗ ನಿಶ್ಚಯವಾದ ಮೇಲೆ ಗೋಡೆ. ಪಶ್ಚಿಮದ ಗೋಡೆ ಬೇಡ. ಹೆಚ್ಚಿನ ಚಾರ್ಜರ್‌ಗಳು 50ರಿಂದ 55 ಡಿಗ್ರಿ ತನಕ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಮೇ ತಿಂಗಳಲ್ಲಿ ನೆರಳಿನಲ್ಲೇ 43 ಡಿಗ್ರಿ ಇರುವಾಗ, ಮಧ್ಯಾಹ್ನವಿಡೀ ಬಿಸಿಲುಂಡ ಗೋಡೆಯ ಮೇಲಿನ ಕಪ್ಪು ಡಬ್ಬಿಯ ಒಳಗೆ ಆ ಮಿತಿ ಸುಲಭವಾಗಿ ದಾಟುತ್ತದೆ. ಆಗ ಚಾರ್ಜರ್ ತನ್ನ ರಕ್ಷಣೆಗೆ ಕರೆಂಟ್ ಇಳಿಸುತ್ತದೆ ಅಥವಾ ನಿಂತೇ ಬಿಡುತ್ತದೆ. ಗೋಡೆ ಸಂಜೆ ಏಳಾದರೂ ಕಾದಿರುವುದರಿಂದ ರಾತ್ರಿಯ ಮೊದಲ ಜಾವವೂ ಹೀಗೇ ಕಳೆಯುತ್ತದೆ. ಉತ್ತರದ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಊರು 17 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ ನಡುಹಗಲಿನ ಸೂರ್ಯ ತುಸು ಉತ್ತರಕ್ಕೆ ಸರಿಯುತ್ತಾನೆ. ಆದರೂ ಅದು ನೆತ್ತಿಯ ಬಿಸಿಲು, ಒಂದೂವರೆ ಅಡಿಯ ಸಜ್ಜಾ ಇದ್ದರೆ ಗೋಡೆಗೆ ತಾಗದು. ಉತ್ತರ ಸಿಗದಿದ್ದರೆ ಪೂರ್ವ ನಡೆಯುತ್ತದೆ, ಬೆಳಗಿನ ಬಿಸಿಲು ಬರುವ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ. ಪತ್ರಾ ಶೆಡ್ಡಿನಲ್ಲಿ ಹಾಕುವುದಾದರೆ ಪತ್ರಾದಿಂದ ಎರಡು ಅಡಿಯಾದರೂ ಕೆಳಗಿರಲಿ. ನೆರಳಿದ್ದರೂ ಕಾದ ತಗಡಿನ ಝಳ ಡಬ್ಬಿಗೆ ಹೊಡೆಯುತ್ತದೆ.

ಕಾಂಪೌಂಡಿಗೆ ಪರಸಿ ನಿಲ್ಲಿಸಿದ ಮನೆಗಳು ನಮ್ಮಲ್ಲಿ ಬಹಳ. ಒಂದೂವರೆ ಎರಡು ಇಂಚು ದಪ್ಪದ ಆ ಕಲ್ಲಿಗೆ ಹ್ಯಾಮರ್ ಡ್ರಿಲ್ ಹಚ್ಚಿದರೆ ಪದರ ಪದರವಾಗಿ ಸೀಳುತ್ತದೆ. ಇವತ್ತು ನಿಂತ ಬೋಲ್ಟ್ ಆರು ತಿಂಗಳಿಗೆ ಸಡಿಲಾಗಿ ಚಾರ್ಜರ್ ವೈರಿನ ಮೇಲೆ ಜೋತುಬೀಳುತ್ತದೆ. ಇಟ್ಟಿಗೆ ಗೋಡೆ ಅಥವಾ ಕಾಂಕ್ರೀಟ್ ಪಿಲ್ಲರ್ ಇಲ್ಲದಿದ್ದರೆ ಕಬ್ಬಿಣದ ಕಂಬವೊಂದನ್ನು ನಿಲ್ಲಿಸಿ. ಎರೆ ನೆಲದಲ್ಲಿ ಅಂಥ ಕಂಬ ಒಂದೇ ಮಳೆಗಾಲಕ್ಕೆ ವಾಲುತ್ತದೆ, ಹಾಗಾಗಿ ಎರೆ ಮಣ್ಣನ್ನು ಎರಡೂವರೆ ಅಡಿ ತೆಗೆದು ಮೊರಂ ತುಂಬಿ ದಮ್ಮಸ್ಸು ಮಾಡಿ, ಅದರ ಮೇಲೆ ಕಾಂಕ್ರೀಟ್ ಪೀಠ ಹಾಕಲು ಗೌಂಡಿಗೆ ಹೇಳಿ. ನೆಲದಡಿಯ ಕೇಬಲ್ ಪೈಪಿಗೂ ಇದೇ ಮಾತು: ಸುತ್ತ ಮರಳು ಹಾಕದೆ ನೇರ ಎರೆಯಲ್ಲಿ ಹೂತರೆ ಮಣ್ಣು ಉಬ್ಬಿ ಕುಗ್ಗುವಾಗ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ, ನೀರು ಹೋಗುತ್ತದೆ.

ಮೀಟರಿಗೆ ಹತ್ತಿರವಿದ್ದಷ್ಟೂ ಲಾಭ. 6 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 32 ಆಂಪಿಯರ್ 20 ಮೀಟರ್ ದೂರ ಹೋದರೆ ಸುಮಾರು 4.7 ವೋಲ್ಟ್ ಇಳಿಯುತ್ತದೆ. ಅಂದರೆ ಚಾರ್ಜ್ ಆಗುವಷ್ಟು ಹೊತ್ತೂ 150 ವ್ಯಾಟ್ ಶಾಖ ಪೈಪಿನೊಳಗೆ. ದೂರ 30 ಮೀಟರ್ ಆದರೆ 7 ವೋಲ್ಟ್, ಆಗ 10 ಚದರ ಮಿ.ಮೀ. ವೈರ್ ಹಾಕಿದರೆ ಅದು 4.2ಕ್ಕೆ ಇಳಿಯುತ್ತದೆ. 3.3 ಕಿಲೋವ್ಯಾಟಿಗೆ 4 ಚದರ ಮಿ.ಮೀ. ಸಾಕು. ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಓಣಿಗಳಲ್ಲಿ ಸಂಜೆ ವೋಲ್ಟೇಜ್ ಮೊದಲೇ ಬಿದ್ದಿರುತ್ತದೆ, ಅಲ್ಲಿ ಮನೆಯೊಳಗೆ ಕಳೆದುಕೊಳ್ಳುವ ಒಂದೊಂದು ವೋಲ್ಟೂ ಚಾರ್ಜರ್ ನಿಲ್ಲಿಸಬಹುದು. ಅಂಥವರು ರಾತ್ರಿ ಹನ್ನೊಂದರ ಮೇಲೆ ಶುರುವಾಗುವಂತೆ ಟೈಮರ್ ಇಡಲಿ. ಹಳೆಯ ಮನೆಗಳ ಅಲ್ಯೂಮಿನಿಯಂ ವೈರಿಗೆ ತಾಮ್ರ ಹೆಣೆದು ಟೇಪ್ ಸುತ್ತುವುದು ಬೆಂಕಿಗೆ ದಾರಿ.

ಚಾರ್ಜರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಇರಲಿ, ಇನ್ವರ್ಟರ್ ಲೈನಿಗೆ ಕೂಡಿಸಲೇಬೇಡಿ. 32 ಆಂಪಿಯರ್ ಚಾರ್ಜರಿಗೆ 40 ಆಂಪಿಯರಿನ ಎರಡು ಪೋಲ್ ಎಂ.ಸಿ.ಬಿ., ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ‘ಎ.ಸಿ.’ ಮಾದರಿಯ ಆರ್.ಸಿ.ಸಿ.ಬಿ. ಇಲ್ಲಿಗೆ ಆಗದು. ಕಾರಿನಿಂದ ಡಿ.ಸಿ. ಸೋರಿಕೆಯಾದರೆ ಅದು ಕುರುಡಾಗಿಬಿಡುತ್ತದೆ. ಚಾರ್ಜರಿನೊಳಗೇ 6 ಮಿಲಿ ಆಂಪಿಯರ್ ಡಿ.ಸಿ. ಸೋರಿಕೆ ಹಿಡಿಯುವ ವ್ಯವಸ್ಥೆಯಿದ್ದರೆ ‘ಎ’ ಮಾದರಿ, ಇಲ್ಲದಿದ್ದರೆ ‘ಬಿ’ ಮಾದರಿ ಕೇಳಿ ತನ್ನಿ. ಏಪ್ರಿಲ್ ಮೇ ತಿಂಗಳ ಸಿಡಿಲು ಮಳೆಗೆ ಸರ್ಜ್ ಪ್ರೊಟೆಕ್ಟರ್ ಬೇಕು. 16 ಆಂಪಿಯರ್ ಸಾಕೆಟ್ಟಿನಲ್ಲೇ ಚಾರ್ಜ್ ಮಾಡುವವರು ಮಾಮೂಲಿ ಸಾಕೆಟ್ ಬಿಟ್ಟು ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಲಿ. ಎಂಟು ಗಂಟೆ 14 ಆಂಪಿಯರ್ ಎಳೆದರೆ ಮಾಮೂಲಿ ಸಾಕೆಟ್ಟಿನ ಹಿಡಿತ ಸಡಿಲಾಗಿ ಪ್ಲಾಸ್ಟಿಕ್ ಕರಗುತ್ತದೆ. ಒಂದು ತಿಂಗಳ ನಂತರ ಮೇನ್ ಆಫ್ ಮಾಡಿ ಎಲ್ಲ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಚಾರ್ಜಿಂಗ್ ಸ್ಟೇಷನ್ನುಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ತಂದ ಸುರಕ್ಷತಾ ನಿಯಮಗಳು ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಮೇಲಿರಬೇಕು, ಕಾರಿನ ಜೋಡಣೆ 5 ಮೀಟರ್ ಒಳಗಿರಬೇಕು, ಎಕ್ಸ್‌ಟೆನ್ಶನ್ ವೈರ್ ಬಳಸಬಾರದು ಎನ್ನುತ್ತವೆ. ಮನೆಗೂ ಇದೇ ಅಳತೆ ಹಿಡಿಯಿರಿ. ತಗ್ಗಿನ ಬಡಾವಣೆಗಳಲ್ಲಿ, ಸೆಲ್ಲಾರ್ ಪಾರ್ಕಿಂಗಿನಲ್ಲಿ, ನೀರು ನಿಂತ ಗುರುತಿಗಿಂತ ಎರಡು ಅಡಿ ಮೇಲೆ ಹಾಕಿ. ಕೆಲವು ಕಾರಿಗೆ ಚಾರ್ಜಿಂಗ್ ಬಾಯಿ ಮೂತಿಯಲ್ಲಿದೆ, ಕೆಲವಕ್ಕೆ ಹಿಂದಿನ ಪಕ್ಕದಲ್ಲಿ. ಇವತ್ತಿನ ಕಾರಿಗೆ ತಕ್ಕಂತೆ ಮೂಲೆಗೆ ಹಾಕಿದರೆ ಮುಂದಿನ ಕಾರಿಗೆ ಕೇಬಲ್ ಮುಟ್ಟದು. ಕಾರು ನಿಲ್ಲುವ ಜಾಗದ ಉದ್ದನೆಯ ಬದಿಯ ನಡುಮಧ್ಯೆ ಹಾಕಿದರೆ ಹೇಗೆ ನಿಲ್ಲಿಸಿದರೂ ಮುಟ್ಟುತ್ತದೆ. ಜನ ಓಡಾಡುವ ದಾರಿಗೆ ಕೇಬಲ್ ಅಡ್ಡ ಬರಬಾರದು.

ಇನ್ನು ಗೃಹಜ್ಯೋತಿ, ಅಂದರೆ ರಾಜ್ಯದ ಉಚಿತ ವಿದ್ಯುತ್ ಯೋಜನೆ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಚಾರ್ಜಿಂಗ್ ನಷ್ಟ ಸೇರಿ ಸುಮಾರು 160 ಯೂನಿಟ್. ಮನೆಯ 90 ಯೂನಿಟ್ ಕೂಡಿದರೆ 250. ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕಾರ್ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ಹಾಗೆ ಕೇಳುವವರು ಮೀಟರ್ ಬೋರ್ಡಿನ ಪಕ್ಕ ಇನ್ನೊಂದು ಮೀಟರಿಗೆ ಜಾಗ ಬಿಟ್ಟು ಚಾರ್ಜರಿನ ಗೋಡೆ ಆರಿಸಬೇಕು.

ಜೆಸ್ಕಾಂ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಎರಡು. ಲೋಡ್ ಏರಿಸುವುದು, ಪ್ರತ್ಯೇಕ ಮೀಟರ್ ಪಡೆಯುವುದು ಹೇಗೆ, ಯಾವ ಕಾಗದ ಬೇಕು, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಪ್ರತಿ ಶಾಖಾ ಕಚೇರಿಯ ಗೋಡೆಗೆ ಕನ್ನಡದಲ್ಲಿ ಬರೆದು ಹಾಕಲಿ. ಚಾರ್ಜರ್ ಸಂಪರ್ಕ ಕೊಡುವ ಮೊದಲು ಅರ್ಥ್ ಅಳತೆಯ ಚೀಟಿಯನ್ನು ಕಡ್ಡಾಯವಾಗಿ ಕೇಳಲಿ. ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರ್ ಆಗುವ ಮೊದಲೇ ಮೀಟರ್ ಬೋರ್ಡಿನಿಂದ ಪಾರ್ಕಿಂಗ್ ತನಕ ಒಂದೂವರೆ ಇಂಚಿನ ಖಾಲಿ ಪೈಪ್ ಹಾಕಿಸಿ, ಒಳಗೆ ಎಳೆಯುವ ತಂತಿ ಬಿಟ್ಟು, ಎರಡೂ ತುದಿಗೆ ಮುಚ್ಚಳ ಹಾಕಿಡಲಿ.

ಇಂತಿ,
ಮನೆ ವೈರಿಂಗ್ ಕೆಲಸದವರು, ಕಲಬುರಗಿ