ಮೋಟಾರು ಆಮೇಲೆ, ತಕ್ಕಡಿ ಮೊದಲು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಮಾಡೆಲ್ ವಿಮಾನದ ಡ್ರಾಯಿಂಗ್ ನೋಡಿದೆ. ಚೆನ್ನಾಗಿದೆ. ಆದರೆ 2 ಕಿಲೋ ಅಂತ ಶುರು ಮಾಡಿದ್ದು ಕ್ಯಾಮೆರಾ, ಬಣ್ಣ, ಇನ್ನೊಂದು ಬ್ಯಾಟರಿ ಅಂತ ಸೇರಿಸಿ ಸೇರಿಸಿ 2.4 ಕಿಲೋಗೆ ಬಂದಿದೆ, ಅದಕ್ಕೆ ನೀನು ಕಂಡುಕೊಂಡ ಮದ್ದು ದೊಡ್ಡ ಮೋಟಾರು! ಬೇಡ ಕಣಮ್ಮ. ದೊಡ್ಡ ಮೋಟಾರು ದೊಡ್ಡ ಬ್ಯಾಟರಿ ಕೇಳುತ್ತದೆ, ಅದನ್ನು ಹೊರೋಕೆ ರೆಕ್ಕೆ ಇನ್ನೂ ಗಟ್ಟಿಯಾಗಬೇಕು, ತೂಕ ಮತ್ತೆ ಏರುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕು. ವೇಗ ಎರಡರಷ್ಟಾದರೆ ರೆಕ್ಕೆ ಎತ್ತುವ ಬಲ ನಾಲ್ಕರಷ್ಟಾಗುತ್ತದೆ. ಹಾಗಾಗಿ ತೂಕ 20% ಏರಿದರೂ ಸ್ಟಾಲ್ ಆಗುವ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಏರೋದು ಸುಮಾರು 10% ಮಾತ್ರ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಆದರೆ ಅದೇ ಮೋಟಾರು ಜಾಸ್ತಿ ಭಾರವನ್ನು ಜಾಸ್ತಿ ವೇಗಕ್ಕೆ ಎಳೆಯಬೇಕು, ಹಾಗಾಗಿ 100 ಅಡಿ ಓಡಿ ಏಳುತ್ತಿದ್ದದ್ದು 140 ಅಡಿ ದಾಟುತ್ತದೆ. ಸಾಲದ್ದಕ್ಕೆ ಬೆಂಗಳೂರು ಇರೋದು ಸುಮಾರು 3000 ಅಡಿ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿಗೆ ಇಲ್ಲಿನ ಗಾಳಿ ನಿನ್ನ ಪುಸ್ತಕದ ಸಮುದ್ರಮಟ್ಟದ ಗಾಳಿಗಿಂತ 15% ತೆಳು. ಬೆಳಿಗ್ಗೆ ಬೇಗ ಹಾರಿಸು.

ಮಾರುತ್ ಗೊತ್ತಲ್ಲ, ಎಚ್‌ಎಫ್-24 ಅನ್ನೋ ಯುದ್ಧವಿಮಾನ? ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮ ಎಚ್‌ಎಎಲ್‌ನಲ್ಲಿ ಕೂತು ರೂಪಿಸಿದ್ದು, 1961ರಲ್ಲಿ ಹಾರಿತು. ಅಷ್ಟು ಲಕ್ಷಣವಾದ ವಿಮಾನ ನನ್ನ ಕಣ್ಣಿಗೆ ಇನ್ನೊಂದಿಲ್ಲ. ಶಬ್ದದ ಎರಡರಷ್ಟು ವೇಗ ಅಂತ ಕನಸು ಕಂಡಿದ್ದರು. ನೆಚ್ಚಿಕೊಂಡ ಎಂಜಿನ್ ಬರಲೇ ಇಲ್ಲ, ಸಿಕ್ಕ ಆರ್ಫಿಯಸ್ ಎಂಜಿನ್ ಎರಡು ಕೂಡಿದರೂ ಶಬ್ದದ ವೇಗದ ಹೊಸಿಲಲ್ಲೇ ನಿಂತುಬಿಟ್ಟಿತು. ನೀನು ಕೈಯಲ್ಲಿರೋ ಮೋಟಾರಿಗೆ ತಕ್ಕ ವಿಮಾನ ಮಾಡು.

ಇನ್ನೊಂದು, ಇದು ನಾನೇ ಪಟ್ಟ ಪಾಡು. ನನ್ನ ಮೊದಲ ಮಾಡೆಲ್‌ನ ಬಾಲ ಮುರಿದಿತ್ತು, ಗಟ್ಟಿ ಇರಲಿ ಅಂತ ಧಾರಾಳವಾಗಿ ಅಂಟು ಮೆತ್ತಿದೆ. ಕೈ ಬಿಟ್ಟ ತಕ್ಷಣ ಬಾಲದ ಭಾರಕ್ಕೆ ಮೂಗೆತ್ತಿತು, ಎತ್ತುತ್ತಾ ಹೋಗಿ ಗಾಳಿಯಲ್ಲೇ ನಿಂತ ಹಾಗಾಯಿತು, ಆಮೇಲೆ ಕಲ್ಲು ಬಿದ್ದ ಹಾಗೆ ಬಿತ್ತು. ಮೂರು ತಿಂಗಳ ಕೆಲಸ ಜಾಲಿ ಮುಳ್ಳಿನ ಪೊದೆಯಲ್ಲಿ! ಅದಕ್ಕೇ ಹೇಳ್ತೀನಿ, ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಷ್ಟು ಹಿಂದೆ, ಎರಡೂ ಕಡೆ ಒಂದೊಂದು ಬೆರಳಿಟ್ಟು ಎತ್ತು. ಮೂಗು ಚೂರು ಕೆಳಗೆ ಬಾಗಬೇಕು. ಬಾಲ ಬಾಗಿದರೆ ಬ್ಯಾಟರಿಯನ್ನೇ ಮುಂದಕ್ಕೆ ತಳ್ಳು, ಸೀಸದ ತುಂಡು ಸೇರಿಸೋಕೆ ಹೋಗಬೇಡ.

ಭಾನುವಾರ ಬರ್ತೀನಿ. ನಿಮ್ಮಮ್ಮನ ಅಡುಗೆಮನೆಯ ತಕ್ಕಡಿ ತೆಗೆದಿಟ್ಟಿರು.

ನಿನ್ನ ಮಾವ